ಗುಜರಿ ಟರ್ಬೊ: ಮಾಲು ಅಗ್ಗ, ಅದರ ಸಂಸಾರ ದುಬಾರಿ

ಹೊಸೂರಿಗೂ ಟರ್ಬೊಗೂ ಹಳೆಯ ನಂಟು. 1980ರಲ್ಲಿ ಅಶೋಕ್ ಲೇಲ್ಯಾಂಡ್ ಇಲ್ಲಿ ಕಾರ್ಖಾನೆ ತೆರೆಯಿತು. ಅಂದಿನಿಂದ ಲಾರಿ ಎಂಜಿನ್ ಬಿಚ್ಚಿ ಕಟ್ಟುವ ಕೈಗಳಿಗೆ ಈ ಸೀಮೆಯಲ್ಲಿ ಬರ ಬಂದಿಲ್ಲ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು ಆಡುವ ಇಲ್ಲಿನ ಮೇಸ್ತ್ರಿಗಳಿಗೆ ಟರ್ಬೊ ಎಂದರೆ ದಿನನಿತ್ಯದ ಸಾಮಾನು, ಎಂಜಿನ್ನಿನ ಮಗ್ಗುಲಿಗೆ ಅಂಟಿಕೊಂಡ ಬಸವನಹುಳುವಿನಂಥ ಎರಕದ ಡಬ್ಬಿ. ಈಗ ಅದರ ಹುಚ್ಚು ಕಾರಿನ ಹುಡುಗರಿಗೂ ಹಿಡಿದಿದೆ. ಅತ್ತಿಬೆಲೆ ದಾಟಿ ಬರುವವರ ಕೈಯಲ್ಲಿ ಪೇಪರು ಸುತ್ತಿದ ಸೆಕೆಂಡ್ ಹ್ಯಾಂಡ್ ಟರ್ಬೊ ಇರುತ್ತದೆ. "ಅಣ್ಣಾ, ಇದು ನನ್ನ ಗಾಡಿಗೆ ಕೂತ್ಕೊಳ್ಳುತ್ತಾ?" ಎಂಬುದು ಅವರ ಮೊದಲ ಪ್ರಶ್ನೆ. ಆದರೆ ದುಡ್ಡು ಕೊಡುವ ಮುಂಚೆ ಮಾರುವವನಿಗೆ ಹಾಕಬೇಕಾದ ಪ್ರಶ್ನೆ ಬೇರೆಯೇ ಇದೆ: "ಇದನ್ನ ಯಾಕಪ್ಪಾ ಬಿಚ್ಚಿದ್ರು?"

ಟರ್ಬೊ ಕೆಲಸ ಮಾಡುವ ಬಗೆ ಸರಳ. ಸೈಲೆನ್ಸರಿಗೆ ಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಅದುಮಿ ಎಂಜಿನ್ನಿಗೆ ತುಂಬುತ್ತದೆ. ಸ್ವಿಸ್ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ ಕಲ್ಪನೆ ಇದು. ಕಾರಿನ ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಆ ವೇಗದಲ್ಲಿ ದಂಡವನ್ನು ಹೊತ್ತಿರುವುದು ಕೂದಲೆಳೆಯಷ್ಟು ದಪ್ಪವೂ ಇಲ್ಲದ ಎಣ್ಣೆಯ ಪದರ. ಆ ಎಣ್ಣೆ ಒಂದೆರಡು ಸೆಕೆಂಡು ತಪ್ಪಿದರೂ ಬೇರಿಂಗಿಗೆ ಗಾಯವಾಗುತ್ತದೆ.

ನಮ್ಮಲ್ಲಿ ಈ ಹುಚ್ಚಿಗೆ ತಕ್ಕ ಹಳೆಯ ಗಾಡಿ ಎಂದರೆ 2004ರಲ್ಲಿ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 150 ಕುದುರೆ ಶಕ್ತಿ. ಯೂರೋಪಿನಲ್ಲಿ ಅದೇ ಹೆಸರಿನ ಗಾಡಿಗೆ 180 ಇತ್ತು. ಹೀಗಾಗಿ "ನಮಗೆ 30 ಕುದುರೆ ಬಾಕಿ" ಎಂಬ ಕೊರಗು ಇದರ ಮಾಲೀಕರಿಗೆ ಇದ್ದೇ ಇದೆ. ಇದರ ಮೂಲ ಟರ್ಬೊ ಜರ್ಮನಿಯ ಕೆಕೆಕೆ ಕಂಪನಿಯ ಕೆ03 ಜಾತಿಯದು. ಚಿಕ್ಕದು, ಬೇಗ ಎಚ್ಚರಗೊಳ್ಳುವಂಥದ್ದು. ಆದರೆ ಮೇಲಿನ ವೇಗದಲ್ಲಿ ಒತ್ತಡ ಏರಿಸಿದಷ್ಟೂ ಗಾಳಿಗಿಂತ ಶಾಖವನ್ನೇ ಹೆಚ್ಚು ಊದುತ್ತದೆ. ಅದಕ್ಕೇ ಎಲ್ಲರ ಕಣ್ಣು ಅದರ ಅಣ್ಣ ಕೆ04ರ ಮೇಲೆ.

ಎಡವಟ್ಟು ಶುರುವಾಗುವುದೇ ಇಲ್ಲಿ. ಕೆ04 ಅನ್ನುವುದು ಒಂದು ಟರ್ಬೊ ಅಲ್ಲ, ಒಂದು ಮನೆತನ. ಕೆ04-001 ಎಂಬುದು ಅಡ್ಡ ಕೂರುವ ಎಂಜಿನ್ನಿಗೆ ಕೆ03ರ ಜಾಗದಲ್ಲೇ ಬೋಲ್ಟ್ ಆಗುತ್ತದೆ. ಕೆ04-015 ಆಡಿ ಎ4, ಫೋಕ್ಸ್‌ವ್ಯಾಗನ್ ಪಸಾಟ್‌ಗಳಂತೆ ಎಂಜಿನ್ ಉದ್ದಕ್ಕೆ ಕೂರುವ ಗಾಡಿಗಳದ್ದು, ಆಕ್ಟೇವಿಯಾಕ್ಕೆ ಸೇರದು. ಆಡಿ ಎಸ್3, 225 ಕುದುರೆ ಶಕ್ತಿಯ ಟಿಟಿಗಳಿಂದ ಕಳಚಿದ 022, 023 ಇನ್ನೂ ದೊಡ್ಡವು. ಅವಕ್ಕೆ ಮ್ಯಾನಿಫೋಲ್ಡೂ ಬೇರೆ, ಕೆಳಗಿನ ಪೈಪೂ ಬೇರೆ. ಮಾರುವವ ಮೂರನ್ನೂ "ಕೆ04 ಸಾರ್, ಒರಿಜಿನಲ್" ಅಂತಲೇ ಮಾರುತ್ತಾನೆ. ಸುಳ್ಳಲ್ಲ, ಆದರೆ ಸಾಲದು. ಡಬ್ಬಿಯ ಮೇಲಿನ ನಂಬರ್ ಪ್ಲೇಟ್ ಓದಿ ಬರೆದುಕೊಳ್ಳಿ. ಪ್ಲೇಟು ಕಿತ್ತಿದ್ದರೆ, ನಂಬರು ಉಜ್ಜಿದ್ದರೆ ಚೌಕಾಸಿ ಮಾಡದೆ ಎದ್ದು ಬನ್ನಿ.

ನಮ್ಮ ದೇಶದಲ್ಲಿ ಮಾರದ ಸುಬಾರು ಡಬ್ಲ್ಯುಆರ್‌ಎಕ್ಸ್ ಕಾರಿನವರದೂ ಇದೇ ಕಥೆ. ಅದರ ಸಾಧಾರಣ ಮಾದರಿಯ ಚಿಕ್ಕ ಮಿತ್ಸುಬಿಷಿ ಟರ್ಬೊ ತೆಗೆದು, ಎಸ್‌ಟಿಐ ಮಾದರಿಯ ಹಳೆಯ ಐಎಚ್‌ಐ ಟರ್ಬೊ ಹಾಕುವುದು ಅಮೆರಿಕ, ಇಂಗ್ಲೆಂಡುಗಳಲ್ಲಿ ಸವೆದ ಹಾದಿ. ಜಪಾನಿನಿಂದ ಅಗ್ಗಕ್ಕೆ ಸಿಕ್ಕಿತೆಂದು ವಿಎಫ್36, ವಿಎಫ್37 ತಂದವರು ಮಾತ್ರ ಕೈಕೈ ಹಿಸುಕಿಕೊಳ್ಳಬೇಕಾಗುತ್ತದೆ. ಅವುಗಳ ಬಾಯಿ ಇಬ್ಭಾಗ, ಹೊಗೆ ಎರಡು ದಾರಿಯಲ್ಲಿ ಬರಬೇಕು. ಒಂದೇ ದಾರಿಯ ಪೈಪಿಗೆ ಅವು ಹೊಂದುವುದಿಲ್ಲ. ಇನ್ನೊಂದು ಎಚ್ಚರಿಕೆ ನಿಸಾನ್ ಸ್ಕೈಲೈನ್ ಜಿಟಿ-ಆರ್ ಟರ್ಬೊಗಳದ್ದು. ಅವುಗಳ ಹೊಗೆ ಚಕ್ರ ಪಿಂಗಾಣಿ ಜಾತಿಯದು. ಹಗುರ, ಚುರುಕು, ಆದರೆ ಕಂಪನಿ ಹೇಳಿದ ಒತ್ತಡಕ್ಕಿಂತ ಮೇಲೆ ಊದಿದರೆ ಬಟ್ಟಲಿನಂತೆ ಒಡೆಯುತ್ತದೆ. ಅಂಥದ್ದನ್ನು ಹೆಚ್ಚು ಶಕ್ತಿಗೆಂದು ಕೊಳ್ಳುವುದರಲ್ಲಿ ಅರ್ಥವಿಲ್ಲ.

ಈಗ "ಯಾಕೆ ಬಿಚ್ಚಿದ್ರು" ಎಂಬ ಮಾತಿಗೆ ಬರೋಣ. ಒಳ್ಳೆಯ ಉತ್ತರ ಒಂದೇ: ಚೆನ್ನಾಗಿ ಓಡುತ್ತಿದ್ದ ಗಾಡಿಯ ಯಜಮಾನ ಇದಕ್ಕಿಂತ ದೊಡ್ಡದು ಹಾಕಿಸಿಕೊಂಡ, ಇದು ಮಿಕ್ಕಿತು. ಅಪಘಾತದ ಗಾಡಿಯದ್ದೂ ಪರವಾಗಿಲ್ಲ, ಪೆಟ್ಟು ಬಿದ್ದದ್ದು ಹಿಂದಕ್ಕಾದರೆ. ಎಂಜಿನ್ ಸೀಜ್ ಆದ ಗಾಡಿಯದ್ದು ಬೇಡವೇ ಬೇಡ. ಆ ಎಂಜಿನ್ನಿನ ಲೋಹದ ಪುಡಿ ಎಣ್ಣೆಯ ಜೊತೆ ಟರ್ಬೊ ಬೇರಿಂಗಿಗೂ ಹೋಗಿರುತ್ತದೆ.

ಕೈಗೆ ತೆಗೆದುಕೊಂಡು ನೋಡುವ ಕ್ರಮ ಲಾರಿ ಮೇಸ್ತ್ರಿಗಳಿಗೆ ಬಾಯಿಪಾಠ. ದಂಡದ ತುದಿ ಹಿಡಿದು ಹಿಂದೆ ಮುಂದೆ ಎಳೆಯಬೇಕು. ಆ ದಿಕ್ಕಿನಲ್ಲಿ ಬೆರಳಿಗೆ ತಿಳಿಯುವಷ್ಟು ಆಟ ಇರಕೂಡದು. ಅಕ್ಕಪಕ್ಕಕ್ಕೆ ತುಸು ಅಲ್ಲಾಡುವುದು ಸಹಜ, ಎಣ್ಣೆಯ ಪದರಕ್ಕೆ ಬಿಟ್ಟ ಜಾಗ ಅದು. "ಎಣ್ಣೆ ಇಲ್ವಲ್ಲ ಸಾರ್, ಅದಕ್ಕೇ ಅಲ್ಲಾಡುತ್ತೆ" ಎಂದು ಅಂಗಡಿಯವ ಹೇಳಿದರೆ ಅರ್ಧ ನಿಜ. ಉಳಿದರ್ಧ ತಿಳಿಯಲು ದಂಡವನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದೇ ತಿರುಗಿಸಿ ನೋಡಿ. ರೆಕ್ಕೆ ಗೋಡೆಗೆ ಕೆರೆದರೆ ಅದು ಗುಜರಿಯೇ. ಬಾಲ್ ಬೇರಿಂಗ್ ಟರ್ಬೊ ಆದರೆ ಅಕ್ಕಪಕ್ಕದ ಆಟವೂ ತೀರಾ ಕಡಿಮೆ ಇರಬೇಕು. ಕೆಟ್ಟರೆ ಅದರ ರಿಪೇರಿ ಖರ್ಚೂ ಜಾಸ್ತಿ.

ಆಮೇಲೆ ಟಾರ್ಚ್ ಹಾಕಿ ರೆಕ್ಕೆಗಳ ಅಂಚು ನೋಡಿ. ಒಂದು ತುದಿ ಮಡಿಚಿದ್ದರೂ ಒಳಗೆ ಕಲ್ಲೋ ನಟ್ಟೋ ಹೊಕ್ಕಿದೆ ಎಂದರ್ಥ. ಎಣ್ಣೆಯ ದಾರಿಯಲ್ಲಿ ಕಪ್ಪು ಇದ್ದಲಿನಂಥ ಪದರ ಗಟ್ಟಿಯಾಗಿದ್ದರೆ, ಹಳೆಯ ಯಜಮಾನ ಗಾಡಿ ಓಡಿಸಿ ಬಂದು ಬಿಸಿಬಿಸಿಯಲ್ಲೇ ಕೀ ತಿರುಗಿಸಿ ಆರಿಸುತ್ತಿದ್ದ. ಹೊಗೆ ಬದಿಯ ಎರಕದಲ್ಲಿ ವೇಸ್ಟ್‌ಗೇಟಿನ ತೂತಿನ ಸುತ್ತ ನವಿರಾದ ಬಿರುಕು ಹಳೆಯವುಗಳಲ್ಲಿ ಸಾಮಾನ್ಯ. ಬಿರುಕು ಹೊರಗೋಡೆ ಸೀಳಿ ಬಂದಿದ್ದರೆ ಬಿಡಿ. ರಿಪೇರಿ ಮಾಡಿದ ಮಾಲು ಎಂದರೆ ಬ್ಯಾಲೆನ್ಸಿಂಗ್ ಚೀಟಿ ಕೇಳಿ. ಲಕ್ಷ ಸುತ್ತಿನ ಚಕ್ರಕ್ಕೆ ಹೊಸ ಬೇರಿಂಗ್ ಹಾಕಿ, ತೂಗಿ ಸಮ ಮಾಡದೆ ಪೇಂಟ್ ಬಳಿದು ಮಾರುವವರು ಎಲ್ಲ ಊರಲ್ಲೂ ಇದ್ದಾರೆ.

ಇನ್ನು ಸಂಸಾರದ ಖರ್ಚು. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಬೇಕು, ಅಂದರೆ ದೊಡ್ಡ ಇಂಜೆಕ್ಟರ್. ಗಾಳಿ ತಣಿಸಲು ದೊಡ್ಡ ಇಂಟರ್‌ಕೂಲರ್. ಇವೆರಡಕ್ಕೂ ಲೆಕ್ಕ ಹೊಂದಿಸಲು ಇಸಿಯು ಟ್ಯೂನಿಂಗ್. ಅದಿಲ್ಲದೆ ಓಡಿಸಿದರೆ ಎಂಜಿನ್ ಬಡಿದುಕೊಂಡು ಪಿಸ್ಟನ್ ಕರಗುವುದೂ ಉಂಟು. ಹಳೆಯ ಕ್ಲಚ್ಚು ಹೊಸ ಎಳೆತಕ್ಕೆ ಜಾರುತ್ತದೆ. ಕೆಳ ವೇಗದಲ್ಲೇ ಒಮ್ಮೆಗೆ ಬಲ ತುಂಬಿದರೆ 1.8 ಎಂಜಿನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಇಷ್ಟಕ್ಕೂ ದುಡ್ಡಿಲ್ಲದಿದ್ದರೆ, ನನ್ನ ಮಟ್ಟಿಗೆ, ಇರುವ ಕೆ03 ಟರ್ಬೊವನ್ನೇ ನೆಟ್ಟಗಿಟ್ಟುಕೊಂಡು ಒಳ್ಳೆಯ ಟ್ಯೂನಿಂಗ್ ಮಾಡಿಸುವುದು ಲೇಸು. ಊರ ರಸ್ತೆಯಲ್ಲಿ ದೊಡ್ಡ ಟರ್ಬೊ ಎದ್ದೇಳುವಷ್ಟರಲ್ಲಿ ಮುಂದಿನ ಹಂಪು ಬಂದಿರುತ್ತದೆ!

ಕಾನೂನಿನ ಮಾತು ಗಡಿಯ ಆಚೆಗೂ ಈಚೆಗೂ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಆ ಮೊಕದ್ದಮೆ ಕೇರಳದ್ದೇ. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಮಾರ್ಪಾಡಿಗೆ 6 ತಿಂಗಳವರೆಗೆ ಸಜೆ, ಅಥವಾ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಅಥವಾ ಎರಡೂ ಎಂದು ಸೇರಿಸಲಾಯಿತು. ಆದ್ದರಿಂದ ಕಾಸರಗೋಡಾಗಲಿ ಹೊಸೂರಾಗಲಿ, ಇಂಥ ಗಾಡಿಗೆ ತಕ್ಕ ಜಾಗ ರೇಸ್ ಟ್ರ್ಯಾಕೇ. ಕೊಯಮತ್ತೂರಿನ ಬಳಿ ಚೆಟ್ಟಿಪಾಳ್ಯದ ಕರಿ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ.

ಇಷ್ಟಾಗಿಯೂ ಕೊಂಡೇ ತಂದಿರೋ, ಜೋಡಿಸುವಾಗ ಹಳೆಯ ಎಣ್ಣೆ ಪೈಪು, ಹಳೆಯ ಗ್ಯಾಸ್ಕೆಟ್ಟು ಉಳಿಸಲು ಹೋಗಬೇಡಿ. ಎಣ್ಣೆ ವಾಪಸು ಇಳಿಯುವ ಪೈಪು ಎಲ್ಲೂ ಮೇಲಕ್ಕೆ ಡೊಂಕಾಗಬಾರದು. ಇಂಟರ್‌ಕೂಲರ್ ಬಿಚ್ಚಿ ತೊಳೆಯಿರಿ, ಹಿಂದಿನ ಟರ್ಬೊ ಒಡೆದಿದ್ದರೆ ಅದರ ಚೂರು ಅಲ್ಲೇ ಕೂತಿರುತ್ತದೆ. ಹೊಸ ಎಣ್ಣೆ, ಹೊಸ ಫಿಲ್ಟರ್ ಹಾಕಿ. ಟರ್ಬೊದ ಬಾಯಿಗೂ ನಾಲ್ಕು ಚಮಚ ಎಣ್ಣೆ ಬಿಟ್ಟು ಕೈಯಲ್ಲಿ ತಿರುಗಿಸಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಎಣ್ಣೆ ದೀಪ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ, ಕೆಲ ನಿಮಿಷ ಆಕ್ಸಿಲರೇಟರ್ ಮುಟ್ಟದೆ ಕಿವಿಗೊಟ್ಟು ಕೇಳಿ.