20 ಸೆಕೆಂಡಿನ ಆತಂಕ: ತರಗತಿಯಲ್ಲಿ ಕ್ವಿಜ್ ಆಟ

ಕಾಲೇಜಿನ ವಿಜ್ಞಾನ ತರಗತಿಗಳಲ್ಲಿ ಪಾಠದ ನಡುವೆಯೋ ಕೊನೆಗೋ ಮೊಬೈಲ್‌ನಲ್ಲಿ ಕ್ವಿಜ್ ಆಡಿಸುವ ರೂಢಿ ಹಲವು ದೇಶಗಳಲ್ಲಿದೆ. ಈ ಬಗೆಯ ಆಟಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ಕಹೂಟ್. ನಾರ್ವೆಯ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಆಲ್ಫ್ ಇಂಗೆ ವಾಂಗ್ ನಡೆಸಿದ ಪ್ರಯೋಗಗಳಿಂದ ಬೆಳೆದ ಇದು 2013ರಲ್ಲಿ ಸಾರ್ವಜನಿಕ ಬಳಕೆಗೆ ಬಂತು. ತರಗತಿಯ ದೊಡ್ಡ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ, ಹಿನ್ನೆಲೆಯಲ್ಲಿ ಸಂಗೀತ ಓಡುತ್ತದೆ, ಕೆಂಪು, ನೀಲಿ, ಹಳದಿ, ಹಸಿರು ಗುಂಡಿಗಳಲ್ಲಿ ಒಂದನ್ನು ವಿದ್ಯಾರ್ಥಿ ತನ್ನ ಫೋನಿನಲ್ಲಿ ಒತ್ತುತ್ತಾನೆ. ಪ್ರತಿ ಪ್ರಶ್ನೆಯ ನಂತರ ಮುಂದಿರುವ ಐವರ ಹೆಸರು ಎಲ್ಲರಿಗೂ ಕಾಣುತ್ತದೆ.

ಅಂಕ ಕೊಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಸರಿಯುತ್ತರಕ್ಕೆ ಸಾಮಾನ್ಯವಾಗಿ ಗರಿಷ್ಠ 1000 ಅಂಕ. ತಡವಾದಷ್ಟೂ ಅದು ಇಳಿಯುತ್ತ ಕೊನೆಯ ಗಳಿಗೆಯಲ್ಲಿ ಅರ್ಧಕ್ಕೆ ಬರುತ್ತದೆ. ಕೆಂಪು ರಕ್ತಕಣವನ್ನು ಶುದ್ಧ ನೀರಿನಲ್ಲಿಟ್ಟರೆ ಏನಾಗುತ್ತದೆ ಎಂದು ಕೇಳಿ 20 ಸೆಕೆಂಡ್ ಕೊಟ್ಟರು ಎನ್ನೋಣ. ಉತ್ತರವನ್ನು ಬಾಯಿಪಾಠ ಮಾಡಿಕೊಂಡವನು ಐದನೇ ಸೆಕೆಂಡಿಗೆ ‘ಉಬ್ಬುತ್ತದೆ’ ಎಂದು ಒತ್ತಿ 875 ಅಂಕ ಪಡೆಯುತ್ತಾನೆ. ಲವಣ ಎಲ್ಲಿ ಹೆಚ್ಚಿದೆ, ನೀರು ಯಾವ ಕಡೆಗೆ ಹರಿಯಬೇಕು ಎಂದು ಒಂದೊಂದೇ ಹೆಜ್ಜೆ ಯೋಚಿಸಿದವಳು ಹದಿನೈದನೇ ಸೆಕೆಂಡಿಗೆ ಅದೇ ಗುಂಡಿ ಒತ್ತಿದರೆ 625. ಇಬ್ಬರ ಉತ್ತರವೂ ಒಂದೇ. ನೀರಿನ ಈ ಹರಿವು, ಅಂದರೆ ಪರಾಸರಣ (ಆಸ್ಮೋಸಿಸ್), ನಿಜಕ್ಕೂ ಅರ್ಥವಾಗಿರುವುದು ಬಹುಶಃ ಎರಡನೆಯವಳಿಗೆ. ಇನ್ನು ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷ್ ಪ್ರಶ್ನೆಯನ್ನು ಓದಿ ಮುಗಿಸುವಷ್ಟರಲ್ಲೇ ಅಂಕ ಸೋರಿಹೋಗಿರುತ್ತದೆ.

ಪರೀಕ್ಷೆಯ ಆತಂಕದಲ್ಲಿ ಎರಡು ಎಳೆಗಳಿವೆ ಎಂದು ಲೀಬರ್ಟ್ ಮತ್ತು ಮಾರಿಸ್ ಎಂಬ ಮನೋವಿಜ್ಞಾನಿಗಳು 1967ರಲ್ಲಿ ವಿಂಗಡಿಸಿದರು. ಎದೆ ಡವಗುಟ್ಟುವುದು, ಅಂಗೈ ಬೆವರುವುದು ಒಂದು. ‘ತಪ್ಪಿದರೆ ಏನು ಗತಿ’ ಎಂಬ ಚಿಂತೆ ಇನ್ನೊಂದು. ಅಂಕಗಳನ್ನು ಹೆಚ್ಚು ಕೆಡಿಸುವುದು ಎರಡನೆಯದು. ಲೆಕ್ಕ ಬಿಡಿಸುವಾಗ ಸಂಖ್ಯೆಗಳನ್ನೂ ನಡುವಿನ ಹಂತಗಳನ್ನೂ ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪಿಗೆ ಮಿದುಳಿನಲ್ಲಿರುವ ಜಾಗ ಬಹಳ ಕಡಿಮೆ, ಚಿಂತೆಯೂ ಅದೇ ಜಾಗವನ್ನು ಆಕ್ರಮಿಸುತ್ತದೆ. ಹೀಗಾಗಿ ಗೊತ್ತಿದ್ದ ಉತ್ತರವೂ ಆ ಹೊತ್ತಿಗೆ ಹೊಳೆಯುವುದಿಲ್ಲ.

ಹಾಗೆಂದು ಕ್ವಿಜ್ ಎಂಬುದೇ ಆತಂಕದ ಮೂಲವೆಂದು ತಳ್ಳಿಹಾಕುವಂತಿಲ್ಲ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಓದಿದರು, ಇನ್ನೊಂದನ್ನು ಮತ್ತೆ ಓದುವ ಬದಲು ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದ ಪಾಠದ್ದೇ ಮೇಲುಗೈ. ಒಂದು ವಾರ ಬಿಟ್ಟು ಕೇಳಿದಾಗ ಅದರಲ್ಲಿ ಶೇ 42ರಷ್ಟು ನೆನಪಿತ್ತು, ನೆನಪಿನಿಂದ ಬರೆದ ಪಾಠದಲ್ಲಿ ಶೇ 56ರಷ್ಟು. ಅಮೆರಿಕದ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ 1,408 ಮಕ್ಕಳನ್ನು ಕೇಳಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ತರಗತಿಯ ಇಂಥ ಅಭ್ಯಾಸದಿಂದ ಪರೀಕ್ಷೆಯ ಅಳುಕು ಕಡಿಮೆಯಾಯಿತು ಎಂದವರು ಶೇ 72 ಮಂದಿ. ಅವರು ಶಾಲಾಮಕ್ಕಳು, ಕಾಲೇಜಿನವರಲ್ಲ. ಆದರೂ ದಿಕ್ಕು ಸ್ಪಷ್ಟವಾಗಿದೆ.

ಕಾಲೇಜು ವಿಜ್ಞಾನದ ಚಿತ್ರ ಇಷ್ಟು ಸರಳವಲ್ಲ. ನೂರಾರು ಮಂದಿ ಕೂರುವ ತರಗತಿಗಳಲ್ಲಿ ಓದುತ್ತಿದ್ದ 52 ವಿದ್ಯಾರ್ಥಿಗಳನ್ನು ಅಮೆರಿಕದ ಕೇಟ್ಲಿನ್ ಕೂಪರ್, ಸಾರಾ ಬ್ರೌನೆಲ್ ಮತ್ತು ಸಂಗಡಿಗರು ಸಂದರ್ಶಿಸಿ 2018ರಲ್ಲಿ ವರದಿ ಮಾಡಿದರು. ಗುಂಡಿ ಒತ್ತಿ ಉತ್ತರಿಸುವ ಪ್ರಶ್ನೆಗಳು ಆತಂಕವನ್ನು ಹೆಚ್ಚಿಸಲೂಬಹುದು, ತಗ್ಗಿಸಲೂಬಹುದು ಎಂಬುದು ಅದರಲ್ಲಿ ಕಂಡುಬಂತು. ಹೆಸರು ಹಿಡಿದು ಎಬ್ಬಿಸಿ ಕೇಳುವುದರಿಂದ ಮಾತ್ರ ಆತಂಕ ಏರಿತೇ ಹೊರತು ಇಳಿಯಲಿಲ್ಲ. ಉಳಿದವರು ತನ್ನನ್ನು ದಡ್ಡ ಎಂದುಕೊಂಡಾರು ಎಂಬ ಭಯವೇ ಇದರ ಬೇರು.

ಆ ಭಯವನ್ನು ಕೆರಳಿಸುವುದು ಪ್ರಶ್ನೆಗಿಂತ ಅದಕ್ಕೆ ಅಂಟಿಸಿದ ಗಡಿಯಾರ ಮತ್ತು ಮುಂದಿರುವವರ ಪಟ್ಟಿ. ಕಹೂಟ್ ಕುರಿತ 93 ಅಧ್ಯಯನಗಳನ್ನು ವಾಂಗ್ ಮತ್ತು ರಬೈಲ್ ತಾಹಿರ್ 2020ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ ಕಲಿಕೆ, ತರಗತಿಯ ಲವಲವಿಕೆ ಎರಡರ ಮೇಲೂ ಒಳ್ಳೆಯ ಪರಿಣಾಮವೇ ಹೆಚ್ಚಾಗಿ ಕಂಡಿತು; ಆತಂಕ ತಗ್ಗಿದ ವರದಿಗಳೂ ಇದ್ದವು. (ವಾಂಗ್ ಆ ಆಟದ ಮೂಲಪುರುಷರಲ್ಲೊಬ್ಬರು ಎಂಬುದನ್ನು ಓದುಗರು ನೆನಪಿಡಬೇಕು.) ವಿದ್ಯಾರ್ಥಿಗಳ ದೂರುಗಳೂ ಅದರಲ್ಲಿ ದಾಖಲಾಗಿವೆ: ಸಮಯದ ಒತ್ತಡ, ಸೋಲುವ ಅಂಜಿಕೆ, ಒಮ್ಮೆ ಒತ್ತಿದ್ದನ್ನು ಬದಲಿಸಲಾಗದಿರುವುದು, ಒಂದು ತಪ್ಪಿದರೆ ಮತ್ತೆ ಮೇಲೇರಲು ಕಷ್ಟವಾಗುವುದು, ಕೈಕೊಡುವ ಇಂಟರ್ನೆಟ್.

ಇವುಗಳಲ್ಲಿ ಹೆಚ್ಚಿನವು ಅಧ್ಯಾಪಕರ ಕೈಯಲ್ಲೇ ಇವೆ. ಕಾಲಾವಧಿಯನ್ನು ಹಿಗ್ಗಿಸಬಹುದು, ವೇಗಕ್ಕೆ ಅಂಕ ಕೊಡದಿರಬಹುದು, ನಿಜ ಹೆಸರಿನ ಬದಲು ಅಡ್ಡಹೆಸರು ಬಳಸಲು ಬಿಡಬಹುದು, ತಂಡವಾಗಿ ಆಡಿಸಬಹುದು. 2015ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ವಿಜಿಜ್ (2025ರಿಂದ ಅದರ ಹೆಸರು ವೇಗ್ರೌಂಡ್) ಪ್ರಶ್ನೆಯನ್ನು ಪ್ರತಿಯೊಬ್ಬರ ಪರದೆಗೇ ತಲುಪಿಸಿ, ಅವರವರ ವೇಗದಲ್ಲಿ ಉತ್ತರಿಸಲು ಬಿಡುತ್ತದೆ. ಇಷ್ಟೆಲ್ಲ ಬದಲಿಸಿದ ಮೇಲೂ ಕ್ವಿಜ್ ಅಂಕವನ್ನು ಆಂತರಿಕ ಮೌಲ್ಯಮಾಪನಕ್ಕೆ ಸೇರಿಸಿಬಿಟ್ಟರೆ ಅದು ಆಟವಾಗಿ ಉಳಿಯದು, ಇನ್ನೊಂದು ಕಿರುಪರೀಕ್ಷೆಯಾಗುತ್ತದೆ. ಇನ್ನೊಂದು ದಾರಿಯೂ ಇದೆ: ಅರ್ಧ ತರಗತಿ ತಪ್ಪು ಉತ್ತರ ಕೊಟ್ಟ ಪ್ರಶ್ನೆಯಲ್ಲಿ ನಿಂತು, ಪಕ್ಕದವರೊಡನೆ ಚರ್ಚಿಸಲು ಎರಡು ನಿಮಿಷ ಕೊಟ್ಟು, ಅದನ್ನೇ ಮತ್ತೆ ಕೇಳುವ ಕ್ರಮ ಹಾರ್ವರ್ಡ್‌ನ ಭೌತವಿಜ್ಞಾನಿ ಎರಿಕ್ ಮಜೂರ್ 1990ರ ದಶಕದಲ್ಲೇ ರೂಢಿಸಿದ್ದು. ಅದಕ್ಕೆ ಸಂಗೀತವೂ ಬೇಕಿಲ್ಲ, ಗೆದ್ದವರ ಪಟ್ಟಿಯೂ ಬೇಕಿಲ್ಲ.