ಅಂಗಳದ ನಲ್ಲಿ ಹಿಂದಕ್ಕೂ ಎಳೆಯುತ್ತದೆ

ಅಡುಗೆಮನೆಯ ನಲ್ಲಿ ಸೋರಿದರೆ ಅದೇ ದಿನ ಪ್ಲಂಬರ್‌ಗೆ ಫೋನು ಹೋಗುತ್ತದೆ. ಅಂಗಳದ ನಲ್ಲಿ ಸೋರಿದರೆ ಅದರಡಿಗೆ ಒಂದು ಬಕೆಟ್ ಬರುತ್ತದೆ, ಅಷ್ಟೇ. ಗಿಡಕ್ಕೆ ತಾನೇ ಹೋಗುವುದು ಎಂಬ ಸಮಾಧಾನ ಬೇರೆ. ಸೆಕೆಂಡಿಗೊಂದು ಹನಿ, ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ದಿನಕ್ಕೆ 4 ಲೀಟರ್ ದಾಟುತ್ತದೆ. ಬೆಂಗಳೂರಿನಲ್ಲಾದರೆ ಅದು ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರಕ್ಕೆ ಪಂಪ್ ಆಗಿ ಬಂದ ಕಾವೇರಿ. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದವರಿಗೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಆದರೂ ಸೋರಿಕೆ ಕಣ್ಣಿಗೆ ಬೀಳುವ ದೋಷ. ಇವತ್ತಲ್ಲ ನಾಳೆ ಯಾರಾದರೂ ವಾಷರ್ ಹಾಕಿಸುತ್ತಾರೆ. ಹೊರಗಿನ ನಲ್ಲಿಯನ್ನು ಆಗಾಗ ಪರೀಕ್ಷಿಸಬೇಕೆನ್ನಲು ದೊಡ್ಡ ಕಾರಣ ಬೇರೆಯೇ ಇದೆ: ಹೊಲಸು ನೀರು ಕುಡಿಯುವ ನೀರಿನ ಕೊಳವೆಗೆ ನುಗ್ಗಲು ಇದೊಂದು ಸಲೀಸಾದ ದಾರಿ.

ಸಿಂಕಿನ ನಲ್ಲಿಯ ಬಾಯಿ ಸಿಂಕಿನ ಅಂಚಿಗಿಂತ ಮೇಲಿರುತ್ತದೆ. ನಡುವಿನ ಆ ಗಾಳಿಯೇ ಕಾವಲು. ಅಂಗಳದ ನಲ್ಲಿಗೆ ಮಾತ್ರ ನಾವು ಪೈಪು ಸಿಕ್ಕಿಸಿ, ಅದರ ತುದಿಯನ್ನು ಸೋಪಿನ ಬಕೆಟ್ಟಿಗೋ ಔಷಧಿ ಕಲಸಿದ ಡ್ರಮ್ಮಿಗೋ ಇಳಿಬಿಡುತ್ತೇವೆ. ನಮ್ಮ ಊರುಗಳಲ್ಲಿ ನೀರು ಬಿಡುವುದು ಗಂಟೆಗಳ ಲೆಕ್ಕದಲ್ಲಿ. ನೀರು ನಿಂತಾಗ ಬೀದಿಯ ಕೊಳವೆಯಲ್ಲಿ ಉಳಿದದ್ದು ತಗ್ಗಿನ ಕಡೆಗೆ ಇಳಿಯುತ್ತದೆ, ಹಿಂದೆ ಖಾಲಿಯಾದ ಜಾಗ ಎಳೆಯತೊಡಗುತ್ತದೆ. ತೆರೆದಿಟ್ಟ ನಲ್ಲಿ ಬುಸ್ಸೆನ್ನುವುದು ಆಗಲೇ. ಪೈಪಿನ ತುದಿ ಮುಳುಗಿದ್ದರೆ ಗಾಳಿಯ ಬದಲು ಬಕೆಟ್ಟಿನಲ್ಲಿದ್ದದ್ದು ಒಳಗೆ ಹೋಗುತ್ತದೆ, ಮುಂದಿನ ಸರದಿಯಲ್ಲಿ ನಿಮ್ಮ ಸಂಪಿಗೋ ಪಕ್ಕದ ಮನೆಯವರ ಸಂಪಿಗೋ ಬರುತ್ತದೆ. 1933ರಲ್ಲಿ ಷಿಕಾಗೊದಲ್ಲಿ ಹರಡಿದ ಆಮಶಂಕೆಗೆ ಹೋಟೆಲಿನ ಕೊಳವೆಗಳಲ್ಲಿ ಕೊಳಕು ನೀರು ಹೀಗೆ ಕುಡಿಯುವ ನೀರಿಗೆ ಬೆರೆತದ್ದೇ ಕಾರಣವಾಗಿತ್ತು.

ನಮ್ಮದು ಮೇಲಿನ ಟ್ಯಾಂಕಿನ ನೀರು, ನಮಗೆ ಇದು ಅನ್ವಯಿಸದು ಎನ್ನುವವರಿದ್ದಾರೆ. ಪೂರ್ತಿ ಸರಿಯಲ್ಲ. ಟ್ಯಾಂಕಿನ ವಾಲ್ವ್ ಮುಚ್ಚಿರುವಾಗ ಕೆಳಮನೆಯಲ್ಲಿ ನಲ್ಲಿ ತಿರುಗಿಸಿದರೆ, ಮಹಡಿಯ ಬಕೆಟ್ಟಿನಲ್ಲಿ ಮುಳುಗಿದ ಪೈಪು ಅದೇ ಕೆಲಸ ಮಾಡಬಲ್ಲದು. ಕ್ಲೋರಿನ್ ಹಾಕಿರುತ್ತಾರಲ್ಲ ಎಂಬುದು ಇನ್ನೊಂದು ವಾದ. ಕ್ಲೋರಿನ್ ರೋಗಾಣು ಕೊಲ್ಲಲು ಹಾಕುವುದು. ಕೀಟನಾಶಕ ಬೆರೆತರೆ ಅದರ ಭರವಸೆಯಲ್ಲಿ ಕುಡಿಯುವಂತಿಲ್ಲ.

ಪರೀಕ್ಷೆಗೆ ಪ್ಲಂಬರ್ ಬೇಡ. ನೀರು ಬರುವ ಹೊತ್ತಿನಲ್ಲಿ ಪೈಪು ಸಿಕ್ಕಿಸಿ, ಅದರ ತುದಿ ಮಡಚಿ ಹಿಡಿದು, ನಲ್ಲಿಯನ್ನು ಪೂರ್ತಿ ತೆರೆಯಿರಿ. ತಿರುಗಿಸುವ ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ಅಲ್ಲಿನ ನಟ್ಟನ್ನು ಸ್ಪ್ಯಾನರಿನಿಂದ ಕಾಲು ಸುತ್ತು ಬಿಗಿಮಾಡಿ; ನಿಲ್ಲದಿದ್ದರೆ ಒಳಗೆ ನೀರು ತಡೆಯಲು ಸುತ್ತಿದ ದಾರ ಸವೆದಿದೆ. ಮುಚ್ಚಿದ ಮೇಲೂ ಬಾಯಿಂದ ತೊಟ್ಟಿಕ್ಕಿದರೆ ವಾಷರ್ ಹೋಗಿದೆ. ನಲ್ಲಿಯನ್ನು ಹಿಡಿದು ಅಲುಗಾಡಿಸಿ. ಅಲುಗಿದರೆ ಗೋಡೆಯೊಳಗಿನ ಜೋಡಣೆಗೆ ಪೆಟ್ಟು, ಹಿಂಬದಿಯ ಗೋಡೆ ತೇವವಾಗಿದೆಯೇ ನೋಡಬೇಕು. ಕೊನೆಯದು ಮುಖ್ಯ. ನೀರು ನಿಂತೊಡನೆ ತೆರೆದ ನಲ್ಲಿಯ ಬಾಯನ್ನು ಕುಡಿಯುವ ನೀರಿರುವ ಬಟ್ಟಲಲ್ಲಿ ಅದ್ದಿ ಹಿಡಿಯಿರಿ. ಬಟ್ಟಲಿನ ನೀರು ಇಳಿದರೆ ಕೊಳವೆ ಎಳೆಯುತ್ತಿದೆ ಎಂದರ್ಥ. ಪ್ಲಂಬರನ್ನು ಕರೆಸಿ ಆ ಲೈನಿಗೊಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್, ಹಾಕಿಸಿ. ಅಲ್ಲಿಯವರೆಗೆ ಪೈಪಿನ ತುದಿಯನ್ನು ಬಕೆಟ್ಟಿನಲ್ಲಿ ಮುಳುಗಿಸಿಟ್ಟು ಬೇರೆ ಕೆಲಸಕ್ಕೆ ಹೋಗಬೇಡಿ.