ಹುಟ್ಟಿನಿಂದ ಪೆಡಲಿಗೆ

ಕತೆ, ಕವಿತೆ, ಪುಸ್ತಕ ಪರಿಚಯಗಳ ನಡುವೆ ಇದೇನಪ್ಪಾ ಮೀನಿನ ವಾಸನೆ ಎಂದು ಮೂಗು ಮುಚ್ಚಿಕೊಳ್ಳಬೇಡಿ. ಶನಿವಾರ ಬೆಳಗಾದರೆ ಕಾರಿನ ತಲೆಯ ಮೇಲೆ ದೋಣಿ ಹೊರಿಸಿಕೊಂಡು ನಾವು ಮೂವರು ಎಲ್ಲಿಗೆ ಮಾಯವಾಗುತ್ತೇವೆ ಎಂದು ಕೂಟದ ಸಭೆಯಲ್ಲಿ ಕೇಳುವವರು ಹೆಚ್ಚಾಗಿದ್ದಾರೆ. ಹಳೆಯ ಕಯಾಕುಗಳನ್ನು ಮಾರಿ, ಕಾಲಿನಿಂದ ತುಳಿಯುವ ಹೊಸ ಕಯಾಕು ಕೊಂಡ ಮೇಲಂತೂ ‘ಅದು ಸೈಕಲ್ಲೋ ದೋಣಿಯೋ?’ ಎಂಬ ಪ್ರಶ್ನೆ ಬೇರೆ. ಒಬ್ಬೊಬ್ಬರಿಗೇ ಹೇಳುವ ಬದಲು ಎಲ್ಲರಿಗೂ ಒಟ್ಟಿಗೇ ಬರೆದುಬಿಡೋಣ ಎಂದು ಕುಳಿತಿದ್ದೇವೆ. ಸಸ್ಯಾಹಾರಿ ಮಿತ್ರರಿಗೆ ಮೊದಲೇ ಒಂದು ಸಮಾಧಾನ: ನಾವು ಹಿಡಿದ ಮೀನುಗಳಲ್ಲಿ ಹೆಚ್ಚಿನವು ಮರಳಿ ನೀರಿಗೇ ಹೋಗುತ್ತವೆ.

ಕಯಾಕು ಎಂಬ ಹೆಸರು ಉತ್ತರ ಧ್ರುವದ ಕಡೆಯ ಇನ್ಯೂಟ್ ಜನರದು. ಮರದ ಅಥವಾ ಮೂಳೆಯ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅವರು ಮಾಡುತ್ತಿದ್ದ ಬೇಟೆಯ ದೋಣಿ ಅದು. ನಮ್ಮ ಹರಿಗೋಲಿನ ದೂರದ ನೆಂಟ ಎನ್ನಬಹುದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕೂಡ ಬೆತ್ತದಿಂದ ಹೆಣೆದು ಹೊರಗೆ ಚರ್ಮ ಹೊದಿಸಿದ ಬುಟ್ಟಿಯಂಥ ದೋಣಿಗಳ ಬಗ್ಗೆ ಬರೆದಿದ್ದಾನೆ. ಗುಂಡಗಿರುವ ಹರಿಗೋಲು ಗಿರಗಿರ ಸುತ್ತುತ್ತದೆ, ಉದ್ದವಾದ ಕಯಾಕು ನೆಟ್ಟಗೆ ಸಾಗುತ್ತದೆ. ಎರಡಕ್ಕೂ ಬೇಕಾದದ್ದು ಮಾತ್ರ ಒಂದೇ, ಕೈಯಲ್ಲೊಂದು ಹುಟ್ಟು.

ಮೀನು ಹಿಡಿಯುವವನಿಗೆ ತೊಂದರೆ ಶುರುವಾಗುವುದೂ ಆ ಹುಟ್ಟಿನಿಂದಲೇ. ಹುಟ್ಟು ಹಾಕಲು ಎರಡು ಕೈ ಬೇಕು, ಗಾಳ ಎಸೆದು ದಾರ ಸುತ್ತಲೂ ಎರಡು ಕೈ ಬೇಕು. ಇರುವುದೇ ಎರಡು. ನಮ್ಮ ಕಂಪ್ಯೂಟರ್ ಭಾಷೆಯಲ್ಲಿ ಹೇಳುವುದಾದರೆ ಒಂದೇ ಪ್ರೊಸೆಸರ್, ಎರಡು ಕೆಲಸ. ಒಂದನ್ನು ನಿಲ್ಲಿಸದೆ ಇನ್ನೊಂದು ಓಡುವುದಿಲ್ಲ. ಹುಟ್ಟು ಕೆಳಗಿಟ್ಟು ಗಾಳ ಎತ್ತಿಕೊಳ್ಳುವಷ್ಟರಲ್ಲಿ ಗಾಳಿ ದೋಣಿಯನ್ನು ಇಪ್ಪತ್ತು ಅಡಿ ಆಚೆಗೆ ತಳ್ಳಿರುತ್ತದೆ. ಗಾಳ ಕೆಳಗಿಟ್ಟು ಮತ್ತೆ ಹುಟ್ಟು ಹಿಡಿಯಬೇಕು. ಅರ್ಧ ದಿನ ಈ ಅದಲುಬದಲಿನಲ್ಲೇ ಕಳೆಯುತ್ತದೆ. ಪೆಡಲ್ ಬಂದರೆ ದೋಣಿ ನಡೆಸುವ ಕೆಲಸ ಕಾಲಿಗೆ ಹೋಗುತ್ತದೆ. ತೋಳಿಗಿಂತ ತೊಡೆಯ ಸ್ನಾಯು ದೊಡ್ಡದು, ಬೇಗ ದಣಿಯುವುದೂ ಇಲ್ಲ. ಎದುರು ಗಾಳಿಗೆ ಮೆಲ್ಲಗೆ ತುಳಿಯುತ್ತ ಒಂದೇ ಜಾಗದಲ್ಲಿ ನಿಂತು ಗಾಳ ಎಸೆಯಬಹುದು. ಎಡಗೈಯ ಬಳಿ ಚುಕ್ಕಾಣಿಯ ಹಿಡಿ ಇರುತ್ತದೆ, ಆಗಾಗ ಅದನ್ನು ಒಂದಿಷ್ಟು ತಿರುಗಿಸಿದರಾಯಿತು.

ಪೆಡಲಿನಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದರಲ್ಲಿ ಸೈಕಲ್ ತುಳಿದಂತೆ ಸುತ್ತ ತುಳಿದರೆ ದೋಣಿಯ ಅಡಿಯಲ್ಲಿ ಪುಟ್ಟ ಪ್ರೊಪೆಲ್ಲರ್ ತಿರುಗುತ್ತದೆ. ಹಿಂದಕ್ಕೆ ತುಳಿದರೆ ದೋಣಿಯೂ ಹಿಂದಕ್ಕೆ. ಇನ್ನೊಂದು, ಕ್ಯಾಲಿಫೋರ್ನಿಯಾದ ಹೋಬಿ ಕಂಪನಿ 1997ರಲ್ಲಿ ಮಾರುಕಟ್ಟೆಗೆ ತಂದ ರೆಕ್ಕೆಯ ಯಂತ್ರ. ಕಾಲುಗಳನ್ನು ಒಂದಾದ ಮೇಲೊಂದು ಮುಂದಕ್ಕೆ ಒತ್ತಿದರೆ ನೀರಿನಡಿ ಎರಡು ರೆಕ್ಕೆಗಳು ಪೆಂಗ್ವಿನ್ ಈಜಿದ ಹಾಗೆ ಅತ್ತಿತ್ತ ಬೀಸುತ್ತವೆ. ಆರಂಭದ ಮಾದರಿಗಳು ಮುಂದಕ್ಕೆ ಮಾತ್ರ ಹೋಗುತ್ತಿದ್ದವು. ಈಚಿನವುಗಳಲ್ಲಿ ಹಗ್ಗವೊಂದನ್ನು ಎಳೆದರೆ ರೆಕ್ಕೆಗಳು ತಿರುಗಿ ನಿಂತು ದೋಣಿ ಹಿಮ್ಮುಖವಾಗಿ ಚಲಿಸುತ್ತದೆ.

ಯಾವುದು ಒಳ್ಳೆಯದು ಎಂದು ಕೇಳುವ ಮೊದಲು ಎಲ್ಲಿಗೆ ಎಂದು ಕೇಳಬೇಕು. ನಾವು ಹೋಗುವುದು ಸ್ಯಾಕ್ರಮೆಂಟೊ ಮತ್ತು ಸಾನ್ ಹ್ವಾಕಿನ್ ನದಿಗಳು ಕೂಡುವ ಡೆಲ್ಟಾಗೆ. ಏರಿ ಕಟ್ಟಿದ ದ್ವೀಪಗಳು, ಅವುಗಳ ನಡುವೆ ಕವಲೊಡೆದ ಕಾಲುವೆಗಳು, ದಡದಲ್ಲಿ ಆಳೆತ್ತರದ ಜೊಂಡು. ಸಿಹಿನೀರಾದರೂ ಸಮುದ್ರದ ಉಬ್ಬರ ಇಳಿತ ಇಲ್ಲಿಯವರೆಗೂ ಮುಟ್ಟುತ್ತದೆ. ನೀರಿನ ತುಂಬ ಕಳೆ, ಅದರಲ್ಲೂ ಬೆಂಗಳೂರಿನ ಕೆರೆಗಳನ್ನು ಮುಚ್ಚಿಹಾಕುವ ನಮ್ಮ ಹಳೆಯ ಪರಿಚಯದ ಅಂತರಗಂಗೆ! ದಕ್ಷಿಣ ಅಮೆರಿಕಾದಿಂದ ಹೊರಟ ಆ ನೀಲಿ ಹೂವಿನ ಗಿಡ ಹೆಬ್ಬಾಳವನ್ನೂ ಬಿಟ್ಟಿಲ್ಲ, ಡೆಲ್ಟಾವನ್ನೂ ಬಿಟ್ಟಿಲ್ಲ. ಕಳೆಯೊಳಗೆ ಪ್ರೊಪೆಲ್ಲರ್ ನೂಲು ಸುತ್ತಿದ ಕದಿರಿನಂತಾಗುತ್ತದೆ. ರೆಕ್ಕೆಗೆ ಆ ಕಾಟ ಕಡಿಮೆ. ಜೊತೆಗೆ ಒಂದು ಪೆಡಲನ್ನು ಪೂರ್ತಿ ಮುಂದಕ್ಕೆ ಒತ್ತಿ ಹಿಡಿದರೆ ರೆಕ್ಕೆಗಳು ದೋಣಿಯ ತಳಕ್ಕೆ ಮಡಚಿಕೊಂಡು ಆಳವಿಲ್ಲದ ಜಾಗವನ್ನೂ ದಾಟುತ್ತವೆ. ಆದ್ದರಿಂದ ನಾವು ಆರಿಸಿದ್ದು ರೆಕ್ಕೆ. ಆಳವಾದ, ಕಳೆಯಿಲ್ಲದ ಜಲಾಶಯಕ್ಕೆ ಹೋಗುವವರಿಗೆ ಪ್ರೊಪೆಲ್ಲರೇ ಸಲೀಸು.

ಒಳ್ಳೆಯ ಹೊಸ ಪೆಡಲ್ ಕಯಾಕಿನ ಬೆಲೆ ಸುಮಾರು 2,000 ಡಾಲರಿನಿಂದ 5,000ದವರೆಗೂ ಏರುತ್ತದೆ. ನಮ್ಮದು 12 ಅಡಿ 9 ಅಂಗುಲ ಉದ್ದ, 34 ಅಂಗುಲ ಅಗಲ. ಎಲ್ಲ ಜೋಡಿಸಿದ ಮೇಲೆ ನೂರು ಪೌಂಡು ದಾಟುತ್ತದೆ. ಅಂದರೆ ದೋಣಿಯ ಜೊತೆ ಎರಡು ಗಾಲಿಯ ಕೈಗಾಡಿಯೂ ಬೇಕು, ಇಲ್ಲವೇ ಎತ್ತಿಕೊಡುವ ಗೆಳೆಯರು ಬೇಕು.

ಇಷ್ಟು ಹೊಗಳಿದ ಮೇಲೆ ಮುಖ್ಯವಾದ ಮಾತಿಗೆ ಬರೋಣ. ಪೆಡಲಿನ ನಿಜವಾದ ಅಪಾಯ ಅದರ ಸುಲಭದಲ್ಲೇ ಇದೆ. ಹುಟ್ಟು ಹಾಕುವವನಿಗೆ ಭುಜ ನೋಯುತ್ತದೆ, ‘ಸಾಕು, ಹಿಂದಿರುಗು’ ಎಂದು ಮೈಯೇ ಹೇಳುತ್ತದೆ. ಕಾಲು ಅಷ್ಟು ಬೇಗ ಹೇಳುವುದಿಲ್ಲ. ಬೆಳಗಿನ ತಣ್ಣನೆಯ ಹೊತ್ತಿನಲ್ಲಿ, ಇಳಿತದ ಸೆಳೆತ ಬೆನ್ನಿಗಿರುವಾಗ ಎರಡು ಮೂರು ಮೈಲಿ ಸಾಗಿದ್ದೇ ತಿಳಿಯುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಒಳನಾಡಿನ ಕಣಿವೆ ಕಾದು ಬಿಸಿಗಾಳಿ ಮೇಲೇರಿದಂತೆ, ಸಮುದ್ರದ ತಂಪು ಗಾಳಿ ಕಾರ್ಕಿನೆಸ್ ಜಲಸಂಧಿಯಿಂದ ಒಳನುಗ್ಗುತ್ತದೆ. ಊರಿನವರು ಅದನ್ನು ಡೆಲ್ಟಾ ಬ್ರೀಜ್ ಎಂದು ಪ್ರೀತಿಯಿಂದ ಕರೆಯುತ್ತಾರೆ. ಸ್ಯಾಕ್ರಮೆಂಟೊದ ಸೆಕೆಗೆ ಅದು ವರ, ಪುಟ್ಟ ದೋಣಿಗೆ ಅಲ್ಲ. 1930ರ ದಶಕದಲ್ಲಿ ಏರಿ ಒಡೆದು ಮುಳುಗಿದ ಫ್ರ್ಯಾಂಕ್ಸ್ ಟ್ರ್ಯಾಕ್ಟ್ ಎಂಬ ದ್ವೀಪ ಇಂದು ಮೂರು ಸಾವಿರ ಎಕರೆಗೂ ಮೀರಿದ ಬಯಲು ನೀರು. ಗಾಳಿಯನ್ನು ತಡೆಯಲು ಅಲ್ಲಿ ಏನೂ ಇಲ್ಲ. ಅಂಥ ಕಡೆ ಪೆಡಲಿನ ಒಂದು ಕೀಲು ಮುರಿದರೆ ಗತಿಯೇನು?

ಅದಕ್ಕೇ ನಾವು ಒಂದು ನಿಯಮ ಇಟ್ಟುಕೊಂಡಿದ್ದೇವೆ. ಕಾಲಿನಿಂದ ಎಷ್ಟು ದೂರ ಹೋಗಬಹುದು ಎಂಬುದು ಲೆಕ್ಕವಲ್ಲ, ಕೈಯಿಂದ ಎಷ್ಟು ದೂರದಿಂದ ಮರಳಬಹುದು ಎಂಬುದೇ ಲೆಕ್ಕ. ಹುಟ್ಟನ್ನು ದೋಣಿಯ ಪಕ್ಕಕ್ಕೆ ಸದಾ ಕಟ್ಟಿರುತ್ತೇವೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಹಾಗೆ ಪೆಡಲ್ ಬಂದರೂ ಹುಟ್ಟು ಹೋಗಬಾರದು. ಹೊರಡುವ ಮುನ್ನ ಉಬ್ಬರ ಇಳಿತದ ವೇಳಾಪಟ್ಟಿ ನೋಡಿ, ಹೋಗುವಾಗ ಎದುರು ಸೆಳೆತ, ಬರುವಾಗ ಬೆನ್ನಿಗೆ ಸೆಳೆತ ಇರುವಂತೆ ಹೊತ್ತು ಆರಿಸುತ್ತೇವೆ. ಗಾಳಿ ಏಳುವ ಮೊದಲೇ ದಡ ಸೇರುತ್ತೇವೆ.

ದೋಣಿಯನ್ನು ಸಜ್ಜುಗೊಳಿಸುವಾಗಲೂ ಇದೇ ಲೆಕ್ಕ. ಅಂಗಡಿಗೆ ಕಾಲಿಟ್ಟರೆ ಆಸೆಗೆ ಕೊನೆಯಿಲ್ಲ. ಸಾಫ್ಟ್‌ವೇರಿನಲ್ಲಿ ‘ಇದೊಂದು ಫೀಚರ್ ಸೇರಿಸಿಬಿಡಿ’ ಎನ್ನುತ್ತ ಹೋದರೆ ಏನಾಗುತ್ತದೆಂದು ನಮ್ಮಲ್ಲಿ ಅರ್ಧದಷ್ಟು ಮಂದಿಗೆ ಗೊತ್ತು. ಇಲ್ಲಿ ಪ್ರತಿ ಫೀಚರಿಗೂ ತೂಕವಿದೆ, ಜೊತೆಗೆ ಬಿದ್ದವನು ಮತ್ತೆ ಹತ್ತುವಾಗ ಸಿಕ್ಕಿಕೊಳ್ಳುವ ಕೊಕ್ಕೆಯೂ ಇದೆ. ದೋಣಿಯ ನಡುಭಾಗದ ಎರಡೂ ಅಂಚುಗಳನ್ನು ನಾವು ಖಾಲಿ ಬಿಟ್ಟಿದ್ದೇವೆ. ನೀರಿಗೆ ಬಿದ್ದರೆ ಹೊಟ್ಟೆಯ ಮೇಲೆ ಜಾರಿಕೊಂಡು ಹತ್ತಬೇಕಾದದ್ದು ಅಲ್ಲಿಂದಲೇ.

ಮೊದಲನೆಯದು ಲೈಫ್ ಜಾಕೆಟ್. ಕ್ಯಾಲಿಫೋರ್ನಿಯಾದಲ್ಲಿ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು. ದೊಡ್ಡವರಿಗೆ ದೋಣಿಯಲ್ಲಿ ಇದ್ದರೆ ಸಾಕು ಎನ್ನುತ್ತದೆ ಕಾನೂನು. ನಾವು ಕಾನೂನಿಗಿಂತ ನೀರಿನ ಮಾತು ಕೇಳುತ್ತೇವೆ. ತಣ್ಣೀರಿನ ವಿಷಯದಲ್ಲಿ 1-10-1 ಎಂಬ ಸೂತ್ರವಿದೆ: ಬಿದ್ದಾಗ ಏದುಸಿರು ಹತೋಟಿಗೆ ಬರಲು 1 ನಿಮಿಷ, ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಆ ಮೊದಲ ನಿಮಿಷದಲ್ಲಿ ತಲೆ ಮೇಲಿಡುವುದು ಈಜಲ್ಲ, ಜಾಕೆಟ್. ಅದರ ಜೇಬಿನಲ್ಲಿ ಸೀಟಿ, ಚಾಕು ಮತ್ತು ನೀರು ತಾಗದ ಚೀಲದಲ್ಲಿ ಫೋನು.

ಎರಡನೆಯದು ಲಂಗರು. ಮೂರು ಪೌಂಡಿನ ಮಡಚುವ ಲಂಗರು ಸಾಕು. ಕಟ್ಟುವ ಜಾಗ ಮಾತ್ರ ಮುಖ್ಯ. ಹರಿವಿನಲ್ಲಿ ಪಕ್ಕಕ್ಕೆ ಕಟ್ಟಿದರೆ ದೋಣಿ ಅಡ್ಡ ತಿರುಗಿ, ನೀರು ಒಂದಂಚನ್ನು ಕೆಳಗೊತ್ತಿ ಮಗುಚಿಬಿಡುತ್ತದೆ. ಆದ್ದರಿಂದ ಮೂತಿಯಿಂದ ಹಿಂಬದಿಯವರೆಗೆ ಎರಡು ಪುಟ್ಟ ರಾಟೆಗಳ ಮೇಲೆ ಹಗ್ಗದ ಕುಣಿಕೆ ಓಡಿಸಿ, ಅದಕ್ಕೊಂದು ಬಳೆ ಕಟ್ಟಿದ್ದೇವೆ. ಕುಳಿತಲ್ಲಿಂದಲೇ ಹಗ್ಗ ಎಳೆದು ಲಂಗರಿನ ಎಳೆತವನ್ನು ಮೂತಿಗೋ ಹಿಂಬದಿಗೋ ಸರಿಸಬಹುದು.

ಮೂರನೆಯದು ಮೀನು ತೋರಿಸುವ ಸೋನಾರ್. ದೋಣಿಯ ತಳದಿಂದ ಶಬ್ದದ ತುಣುಕೊಂದು ಹೊರಟು, ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ ಇಳಿದು, ತಳಕ್ಕೋ ಮೀನಿಗೋ ತಾಗಿ ಮರಳುತ್ತದೆ. 15 ಅಡಿ ಆಳವಿದ್ದರೆ ಹೋಗಿ ಬರಲು 6 ಮಿಲಿಸೆಕೆಂಡು. ಆಫೀಸಿನಲ್ಲಿ ನಾವು ದಿನವೂ ಬಳಸುವ ‘ಪಿಂಗ್’ ಆದೇಶಕ್ಕೆ ಹೆಸರು ಬಂದದ್ದು ಇದೇ ಸದ್ದಿನಿಂದ. 1983ರಲ್ಲಿ ಮೈಕ್ ಮೂಸ್ ಅದನ್ನು ಬರೆದಾಗ ಸೋನಾರನ್ನು ನೆನೆದು ಹೆಸರಿಟ್ಟದ್ದು. ಸುಮಾರು ಒಂದು ಆಂಪಿಯರ್ ಎಳೆಯುವ ಪರದೆಗೆ 10 ಆಂಪಿಯರ್-ಅವರ್ ಬ್ಯಾಟರಿ ಹತ್ತು ಗಂಟೆ ಬರಬೇಕು ಎಂಬುದು ಕಾಗದದ ಲೆಕ್ಕ. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯದನ್ನು ಕೊಂಡರೆ ಸೀಸದ ಬ್ಯಾಟರಿಗಿಂತ ತೂಕ ಬಹಳ ಕಡಿಮೆ.

ಉಳಿದದ್ದೆಲ್ಲ ಚಿಲ್ಲರೆ. ಹಾಲಿನ ಪ್ಯಾಕೆಟ್ ಇಡುವಂಥ ಒಂದು ಪ್ಲಾಸ್ಟಿಕ್ ಕ್ರೇಟು, ಅದಕ್ಕೆ ಗಾಳದ ಕೋಲು ನಿಲ್ಲಿಸಲು ಎರಡು ಕೊಳವೆ, ಎತ್ತರದ ಕಂಬಕ್ಕೊಂದು ಕಿತ್ತಳೆ ಬಾವುಟ. ವೇಗದ ಮೋಟಾರು ದೋಣಿಗಳ ಕಣ್ಣಿಗೆ ನಾವು ಬೀಳುವುದು ಆ ಬಾವುಟದಿಂದಲೇ. 16 ವರ್ಷ ದಾಟಿದ ಪ್ರತಿಯೊಬ್ಬರಿಗೂ ಮೀನು ಹಿಡಿಯುವ ಪರವಾನಗಿ ಬೇಕು ಎಂಬುದನ್ನೂ ಮರೆಯಬೇಡಿ.

ಮನೆಗೆ ಮರಳಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. 2024ರ ಅಕ್ಟೋಬರಿನಲ್ಲಿ ಸ್ಟಾಕ್‌ಟನ್ ಬಂದರಿನಲ್ಲಿ ಗೋಲ್ಡನ್ ಮಸೆಲ್ ಎಂಬ ಚಿಪ್ಪುಜೀವಿ ಕಾಣಿಸಿಕೊಂಡಿತು. ಉತ್ತರ ಅಮೆರಿಕಾದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ನೀರಿನ ಕೊಳವೆಗಳನ್ನು ಕಟ್ಟಿಹಾಕುವ ಈ ಜೀವಿಯ ಮರಿಗಳು ಕಣ್ಣಿಗೂ ಕಾಣದಷ್ಟು ಸಣ್ಣವು, ದೋಣಿಯಲ್ಲಿ ಉಳಿದ ಒಂದು ಬೊಗಸೆ ನೀರಿನಲ್ಲೂ ಪ್ರಯಾಣ ಮಾಡಬಲ್ಲವು. ಪೆಡಲ್ ಕೂರುವ ಗುಂಡಿಯಲ್ಲಿ ನೀರು ನಿಲ್ಲುತ್ತದೆಯಾದ್ದರಿಂದ ನಮ್ಮಂಥವರ ಹೊಣೆ ಇನ್ನೂ ಹೆಚ್ಚು. ತೊಳೆದು, ಬಸಿದು, ಪೂರ್ತಿ ಒಣಗಿಸದೆ ಬೇರೆ ಕೆರೆಗೆ ಇಳಿಸುವಂತಿಲ್ಲ. ಅನೇಕ ಜಲಾಶಯಗಳಲ್ಲಿ ಈಗ ತಪಾಸಣೆಯೂ ಬಿಗಿಯಾಗಿದೆ. ಹೊರಡುವ ಮೊದಲು ಆಯಾ ಜಾಗದ ನಿಯಮ ಓದಿಕೊಳ್ಳಿ.

ಆಸಕ್ತಿ ಇರುವವರು ದುಡ್ಡು ಸುರಿಯುವ ಮೊದಲು ಒಮ್ಮೆ ನಮ್ಮ ದೋಣಿಯಲ್ಲೇ ಕುಳಿತು ತುಳಿದು ನೋಡಿ. ಓಕ್ಲಿಯ ಬಿಗ್ ಬ್ರೇಕ್ ದಡದಲ್ಲಿ ಇಳಿಸಲು ಅನುಕೂಲವಿದೆ, ಬುತ್ತಿಗೆ ಚಿತ್ರಾನ್ನ ನಮ್ಮದು. ಒಂದೇ ಷರತ್ತು: ಗಾಳ ಮುಟ್ಟುವ ಮೊದಲು, ಬೆಚ್ಚಗಿನ ದಿನ ನೋಡಿಕೊಂಡು, ಸೊಂಟ ಮಟ್ಟದ ನೀರಿನಲ್ಲಿ ಬೇಕೆಂದೇ ದೋಣಿಯಿಂದ ಬಿದ್ದು, ಮತ್ತೆ ನೀವೇ ಹತ್ತಿ ತೋರಿಸಬೇಕು. ಆಮೇಲೆ ಮೀನಿನ ಮಾತು.